ಹಾಸನ ಸೀಮೆ: ಅರಸೊತ್ತಿಗೆಗಳ ನಡುವೆ ಹಂಚಿಹೋದ ನಾಡು (1633–1802)

ಇಂದಿನ ಹಾಸನ ಜಿಲ್ಲೆಯು ಕರ್ನಾಟಕದ ಒಳನಾಡು. ಅದರ ಸುತ್ತ ಇರುವುದು ಚಿಕ್ಕಮಗಳೂರು, ತುಮಕೂರು, ಮಂಡ್ಯ, ಮೈಸೂರು, ಕೊಡಗು ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳು. ಎಲ್ಲಿಯೂ ಹೊರರಾಜ್ಯದ ಎಲ್ಲೆ ಅದನ್ನು ಮುಟ್ಟುವುದಿಲ್ಲ. ಆದರೆ ಹದಿನೇಳನೆಯ ಶತಮಾನದ ಆದಿಭಾಗದಿಂದ 1956ರ ನವೆಂಬರ್ 1ರವರೆಗೆ ಈ ಸೀಮೆಯು ಒಂದಲ್ಲ ಒಂದು ರೀತಿಯಲ್ಲಿ ಗಡಿನಾಡಾಗಿಯೇ ಇದ್ದಿತು. ಮೈಸೂರಿಗೂ ಕೆಳದಿಗೂ, ಮೈಸೂರಿಗೂ ಕೊಡಗಿಗೂ, ಕೊನೆಗೆ ಮೈಸೂರಿಗೂ ಕಂಪನಿ ಸರ್ಕಾರದ ಕೆನರಾ ಜಿಲ್ಲೆಗೂ ಎಲ್ಲೆಯಾದುದು ಇದೇ ಪ್ರದೇಶ. ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ಭಾಗಗಳು ಯಾವ ಸಂದರ್ಭದಲ್ಲಿ ಯಾರ ಪಾಲಾದವು, ಆ ಹಂಚಿಕೆಯನ್ನು ನಿರ್ಧರಿಸಿದ ಶಕ್ತಿಗಳು ಯಾವುವು ಎಂಬುದನ್ನು ಪ್ರಸ್ತುತ ಪ್ರಬಂಧದಲ್ಲಿ ಪರಿಶೀಲಿಸಲಾಗಿದೆ.

ಈ ಸೀಮೆಯ ಇತಿಹಾಸವೆಂದರೆ ಹೊಯ್ಸಳರ ಇತಿಹಾಸ ಎಂಬ ಭಾವನೆ ವಿದ್ವಾಂಸರಲ್ಲಿಯೂ ಬೇರೂರಿದೆ. ಬೇಲೂರು, ಹಳೇಬೀಡುಗಳ ಶಿಲ್ಪವೈಭವವು ಮುಂದಿನ ಐದು ಶತಮಾನಗಳನ್ನು ಮರೆಮಾಡಿಬಿಟ್ಟಿದೆ. ಬಿ.ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಹಾಸನ ಜಿಲ್ಲೆಯ ಸಂಪುಟವನ್ನು ಬಳಸುವವರು ಸಾಮಾನ್ಯವಾಗಿ ಹೊಯ್ಸಳ ಶಾಸನಗಳನ್ನು ಓದಿ, ನಾಯಕರ ಮತ್ತು ಒಡೆಯರ ಕಾಲದ ಚಿಕ್ಕ ಶಾಸನಗಳನ್ನು ಹಾಗೆಯೇ ಬಿಟ್ಟುಬಿಡುತ್ತಾರೆ. ಆದರೆ ಇಂದಿನ ಊರು, ಕೋಟೆ, ಕೆರೆಗಳ ಚರಿತ್ರೆಗೆ ಈ ಎರಡನೆಯ ಬಗೆಯ ಆಕರಗಳೇ ಹೆಚ್ಚು ಹತ್ತಿರದವು.

ಭೌಗೋಳಿಕವಾಗಿ ಇದು ಎರಡು ನಾಡುಗಳ ಸಂಧಿ. ಪಶ್ಚಿಮದಲ್ಲಿ ಸಹ್ಯಾದ್ರಿಯ ದಟ್ಟ ಮಲೆನಾಡು. ಪೂರ್ವದಲ್ಲಿ ಕೆರೆ ನೀರನ್ನು ನಂಬಿದ ಬಯಲುಸೀಮೆ. ಹೇಮಾವತಿ ನದಿಯು ಮಲೆನಾಡಿನಿಂದ ಹರಿದು, ಗೊರೂರಿನ ಬಳಿ ಯಗಚಿಯನ್ನು ಕೂಡಿಕೊಂಡು, ಹೊಳೆನರಸೀಪುರದ ಮಗ್ಗುಲಲ್ಲಿ ಸಾಗುತ್ತದೆ. ಅರಕಲಗೂಡು ಭಾಗವು ಹೇಮಾವತಿ, ಕಾವೇರಿಗಳ ನಡುವೆ ಇದೆ. ಕರಾವಳಿಯಿಂದ ಘಟ್ಟ ಹತ್ತಿ ಬರುವ ಮೆಣಸು, ಅಡಕೆ, ಉಪ್ಪುಗಳ ಹಾದಿ ಮಲೆನಾಡಿನವರ ಕೈಯಲ್ಲಿತ್ತು. ದಂಡು ಸಾಕಲು ಬೇಕಾದ ಭತ್ತ, ರಾಗಿಗಳು ಬಯಲಿನವರ ಕೈಯಲ್ಲಿದ್ದವು. ಒಂದನ್ನು ಹಿಡಿದವರಿಗೆ ಇನ್ನೊಂದರ ಮೇಲೆ ಕಣ್ಣು ಬೀಳುವುದು ಸಹಜವೇ ಆಗಿತ್ತು.

ವಿಜಯನಗರದ ಆಳ್ವಿಕೆಯಲ್ಲಿ ಬೇಲೂರು ಸೀಮೆಯು ಕೃಷ್ಣದೇವರಾಯನ ಹಡಪದ ಸೇವೆಯಲ್ಲಿದ್ದ ಯರ ಕೃಷ್ಣಪ್ಪನಾಯಕನಿಗೆ ಅಮರವಾಗಿ ದೊರೆಯಿತು. ಆತನ ಪೀಳಿಗೆಯವರು ಬೇಲೂರಿನ ನಾಯಕರೆಂದೂ, ಮುಂದೆ ಬಾಳಂ ಅಥವಾ ಐಗೂರಿನ ನಾಯಕರೆಂದೂ ಪ್ರಸಿದ್ಧರಾದರು. ಸುಮಾರು 1568ರಲ್ಲಿ ಇಂದಿನ ಅರಕಲಗೂಡು ಪಟ್ಟಣವನ್ನು ಕಟ್ಟಿಸಿದವನೂ ಐಗೂರು ಮನೆತನದ ಒಬ್ಬ ಕೃಷ್ಣಪ್ಪನಾಯಕನೇ. ಎರಡೂವರೆ ಶತಮಾನದ ಅವಧಿಯಲ್ಲಿ ಇದೇ ಹೆಸರಿನ ಹಲವರು ಬರುವುದರಿಂದ ಯಾವ ಶಾಸನ ಯಾವ ಕೃಷ್ಣಪ್ಪನದೆಂದು ಬಿಡಿಸುವುದು ಸಂಶೋಧಕರಿಗೆ ಇಂದಿಗೂ ತಲೆನೋವಿನ ಕೆಲಸ. ಪೂರ್ವದ ಬಯಲಿನಲ್ಲಿ ಹೊಳೆನರಸೀಪುರದ ನಾಯಕರು ಪ್ರಬಲರಾಗಿದ್ದರು. ಹೊಳೆನರಸೀಪುರದ ಕೋಟೆಯನ್ನು 1168ರಲ್ಲಿ ನರಸಿಂಹನಾಯಕನೆಂಬ ಪಾಳೆಯಗಾರ ಕಟ್ಟಿಸಿದನೆಂದು ಗೆಜೆಟಿಯರು ಹೇಳುತ್ತದೆ. ಆ ವರ್ಷ ಆಳುತ್ತಿದ್ದವನು ಹೊಯ್ಸಳ ಒಂದನೆಯ ನರಸಿಂಹ. ಆ ಕಾಲದಲ್ಲಿ ಈ ಸ್ವರೂಪದ ಪಾಳೆಯಗಾರಿಕೆ ಇದ್ದಿತೆನ್ನಲು ಆಧಾರವಿಲ್ಲ. ನಂತರದ ನಾಯಕನ ಹೆಸರೂ ಹಿಂದಿನ ಅರಸನ ಹೆಸರೂ ಸ್ಥಳೀಯ ನೆನಪಿನಲ್ಲಿ ಬೆರೆತು ಈ ತೇದಿ ಹುಟ್ಟಿರಬೇಕೆಂದು ಊಹಿಸುವುದು ಹೆಚ್ಚು ಯುಕ್ತವಾಗಿ ತೋರುತ್ತದೆ.

1565ರ ಯುದ್ಧಾನಂತರ ವಿಜಯನಗರದ ಹಿಡಿತ ಸಡಿಲವಾದಾಗ ಈ ನಾಯಕರ ಮೇಲೆ ನಿಜವಾದ ಒಡೆಯರು ಯಾರೂ ಉಳಿಯಲಿಲ್ಲ. ವಾಯವ್ಯದಲ್ಲಿ ಕೆಳದಿಯವರೂ ಆಗ್ನೇಯದಲ್ಲಿ ಮೈಸೂರಿನವರೂ ಬೆಳೆಯುತ್ತಿದ್ದರು. ಇವರಿಬ್ಬರೂ ಒಂದೇ ಸಾಮ್ರಾಜ್ಯದ ಸಾಮಂತರಾಗಿ ಹುಟ್ಟಿದವರು, ಕನ್ನಡ ನುಡಿಯ ಅರಸರು. ಈ ಕಾಲದ ಕಲಹಕ್ಕೆ ‘ರಾಷ್ಟ್ರೀಯತೆ’ ಎಂಬ ಆಧುನಿಕ ಪದವನ್ನು ಹಚ್ಚುವುದು ಸರಿಯಲ್ಲ. ಆದರೆ ಎರಡೂ ಆಸ್ಥಾನಗಳು ತಾವೇ ಕರ್ನಾಟಕ ಸಿಂಹಾಸನದ ನ್ಯಾಯವಾದ ವಾರಸುದಾರರೆಂದು ಸಾಧಿಸಲು ಶಾಸನ, ಬಿರುದು, ಕಾವ್ಯಗಳನ್ನು ಬಳಸಿಕೊಂಡ ಬಗೆಯು, ಮುಂದಿನ ಕಾಲದ ಪೈಪೋಟಿಯ ರಾಷ್ಟ್ರೀಯತೆಗಳು ಒಂದೇ ನೆಲದ ಮೇಲೆ ಹಕ್ಕು ಹೂಡಿದ ಬಗೆಯನ್ನು ಹೋಲುತ್ತದೆ.

ಈ ಹಂಚಿಕೆಯ ಮೊದಲ ಘಟ್ಟ ಚನ್ನರಾಯಪಟ್ಟಣ. ಮೂಲತಃ ಕೊಳತೂರು ಎಂಬ ಅಗ್ರಹಾರವಾಗಿದ್ದ ಈ ಊರನ್ನು ಸುಮಾರು 1600ರಲ್ಲಿ ಹೊಳೆನರಸೀಪುರದ ಲಕ್ಷ್ಮಪ್ಪನಾಯಕನು ಹೆಬ್ಬಾರನಿಂದ ವಶಪಡಿಸಿಕೊಂಡು ತನ್ನ ಮಗನಿಗೆ ಕೊಟ್ಟನೆಂದೂ, ಚನ್ನರಾಯಸ್ವಾಮಿಯ ಹೆಸರಿನಿಂದ ಈಗಿನ ಹೆಸರು ಬಂದಿತೆಂದೂ ಪ್ರತೀತಿಯಿದೆ. ಆದರೆ ಚಿದಾನಂದ ಕವಿಯ ‘ಮುನಿವಂಶಾಭ್ಯುದಯ’ವು ಇಲ್ಲಿನ ಅಧಿಕಾರವನ್ನು ಜಗದೇವರಾಯನಿಗೆ ಸಲ್ಲಿಸುತ್ತದೆ. ಚನ್ನಪಟ್ಟಣದ ಈ ಪ್ರಬಲ ಮನೆತನದ ಪ್ರಾಬಲ್ಯ ಒಂದು ಕಾಲಕ್ಕೆ ಬಾರಾಮಹಲಿನಿಂದ ಘಟ್ಟದವರೆಗೆ ಹಬ್ಬಿದ್ದಿತು. 1630ರಲ್ಲಿ ಮೈಸೂರಿನ ಚಾಮರಾಜ ಒಡೆಯರು ಚನ್ನಪಟ್ಟಣವನ್ನು ಗೆದ್ದುಕೊಂಡರು. 1633ರಲ್ಲಿ ಚನ್ನರಾಯಪಟ್ಟಣವೂ ಅವರ ಕೈಸೇರಿತು. ಹೆಬ್ಬಾರರು, ನಾಯಕರು, ಜಗದೇವರಾಯ, ಮೈಸೂರು ಅರಸರು ಎಂದು ಒಂದೇ ತಲೆಮಾರಿನೊಳಗೆ ಈ ಊರು ಇಷ್ಟು ಒಡೆಯರನ್ನು ಕಂಡಿತು.

ಇದರ ಮರುವರ್ಷವೇ ನಡೆದ ಒಂದು ಸಂಗತಿ ಇಲ್ಲಿ ವಿಶೇಷವಾಗಿ ಉಲ್ಲೇಖನೀಯವಾಗಿದೆ. ಚನ್ನರಾಯಪಟ್ಟಣಕ್ಕೆ ಸಮೀಪದ ಶ್ರವಣಬೆಳಗೊಳದಲ್ಲಿ ಶಕ 1556, ಭಾವ ಸಂವತ್ಸರದ, ಎಂದರೆ ಕ್ರಿ.ಶ. 1634ರ ಶಾಸನವಿದೆ. ದೇವರ ಪೂಜೆಗೆಂದು ಬಿಟ್ಟ ಭೂಮಿಗಳನ್ನು ಸ್ಥಾನಿಕರು ಸಾಲಕ್ಕಾಗಿ ಅಡವಿಟ್ಟಿದ್ದರು. ಬಹುಕಾಲದಿಂದ ಅವುಗಳ ಫಲವನ್ನು ಅಡವು ಹಿಡಿದ ವರ್ತಕರೇ ಅನುಭವಿಸುತ್ತಿದ್ದರು. ಚಾಮರಾಜ ಒಡೆಯರು ಆ ಸಾಹುಕಾರರನ್ನು ಕರೆಯಿಸಿ, ಸಾಲವನ್ನು ತಾವೇ ತೀರಿಸುವುದಾಗಿ ತಿಳಿಸಿದರು. ಆಗ ಅವರು ತಮ್ಮ ತಂದೆತಾಯಿಗಳಿಗೆ ಪುಣ್ಯವಾಗಲೆಂದು ಅಡವನ್ನು ಧಾರೆಯೆರೆದು ಬಿಟ್ಟುಕೊಟ್ಟರು. ಇನ್ನು ಮುಂದೆ ದೇವಸ್ವವನ್ನು ಅಡವಿಡುವವರೂ ಅದರ ಮೇಲೆ ಸಾಲ ಕೊಡುವವರೂ ಬಹಿಷ್ಕೃತರೆಂದು ಕಟ್ಟಳೆಯಾಯಿತು. ಜಗದೇವರಾಯನ ಉಪಟಳದಿಂದ ಬೆಳಗೊಳವನ್ನು ತೊರೆದು ಗೇರುಸೊಪ್ಪೆಯ ಕಡೆಗೆ ಹೋಗಿದ್ದ ಚಾರುಕೀರ್ತಿ ಪಂಡಿತರನ್ನು ಅರಸರು ಮರಳಿ ಕರೆಸಿದರೆಂದು ಮುನಿವಂಶಾಭ್ಯುದಯ ಹೇಳುತ್ತದೆ.

ಇದನ್ನು ಕೇವಲ ಧರ್ಮಕಾರ್ಯವೆಂದು ಓದುವುದು ವಾಡಿಕೆ. ಧರ್ಮಬುದ್ಧಿಯನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಗೆದ್ದ ಮರುವರ್ಷವೇ ಹೊಸ ಅರಸನು ಹಳೆಯ ಋಣವ್ಯವಹಾರಗಳನ್ನು ವಿಚಾರಿಸಿದುದು, ಹಿಂದಿನ ಒಡೆಯನ ಕಾಲದಲ್ಲಿ ಊರು ಬಿಟ್ಟ ಗುರುವನ್ನು ಕರೆತಂದುದು, ತನ್ನ ಆಜ್ಞೆಯನ್ನು ಕಲ್ಲಿನಲ್ಲಿ ಬರೆಸಿ ನಿಲ್ಲಿಸಿದುದು, ಇವೆಲ್ಲ ಆಳುವ ಹಕ್ಕನ್ನು ಸ್ಥಾಪಿಸುವ ಕ್ರಮಗಳೂ ಹೌದು. ಕೋಟೆ ಕತ್ತಿಯಿಂದ ಸಿಕ್ಕಿತು; ನಾಡು ಸಿಗಬೇಕಾದರೆ ಇಂಥ ನ್ಯಾಯ ತೀರ್ಮಾನಗಳು ಬೇಕಾಗಿದ್ದವು. ಈ ಕಾರಣದಿಂದ 1634ರ ಶಾಸನವನ್ನು 1633ರ ವಿಜಯದ ಉತ್ತರಾರ್ಧವೆಂದೇ ಪರಿಗಣಿಸಬೇಕೆಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ.

ಮುಂದಿನ ಬೆಳವಣಿಗೆಗಳಿಗೆ ಕಾರಣವನ್ನು ಹಾಸನದಲ್ಲಿ ಹುಡುಕಿದರೆ ಸಿಗದು, ಬಿಜಾಪುರದಲ್ಲಿ ಹುಡುಕಬೇಕು. 1637ರ ಕೊನೆಯಲ್ಲಿ ಆದಿಲ್‌ಶಾಹಿ ಸೇನಾನಿ ರಣದುಲ್ಲಾಖಾನನು ಇಕ್ಕೇರಿಯನ್ನು ಹಿಡಿದನು. 1638ರಲ್ಲಿ ಬೆಂಗಳೂರು ಬಿಜಾಪುರದ ವಶವಾಗಿ ಶಹಾಜಿಯ ಆಡಳಿತಕ್ಕೆ ಬಂದಿತು. 1639ರ ಆರಂಭದಲ್ಲಿ ಶ್ರೀರಂಗಪಟ್ಟಣಕ್ಕೇ ಮುತ್ತಿಗೆ ಬಿದ್ದಿತು; ಕಂಠೀರವ ನರಸರಾಜ ಒಡೆಯರು ಅದನ್ನು ಉಳಿಸಿಕೊಂಡರು. ಈ ಘಟನೆಗಳ ಪರಿಣಾಮವನ್ನು ಗಮನಿಸಬೇಕು. ಮೈಸೂರಿಗೆ ಉತ್ತರದ ದಾರಿ ಮುಚ್ಚಿತು. ಕೆಳದಿಗೂ ಉತ್ತರದ ಬಯಲು ಅಪಾಯದ್ದಾಯಿತು. ಬೆಳೆಯಲೇಬೇಕಾಗಿದ್ದ ಎರಡೂ ರಾಜ್ಯಗಳು ತಮ್ಮಿಬ್ಬರ ನಡುವೆ ಇದ್ದ ಹೇಮಾವತಿ ಕೊಳ್ಳದ ಕಡೆಗೆ ತಿರುಗಿದವು. ಮೈಸೂರು ಸುಮಾರು 1645ರಲ್ಲಿ ಚಂಗಾಳ್ವರ ಪಿರಿಯಾಪಟ್ಟಣವನ್ನು ತೆಗೆದುಕೊಂಡ ಮೇಲೆ ಅದರ ನೆರೆಯ ಅರಕಲಗೂಡಿನ ಮೇಲೆ ದಂಡಯಾತ್ರೆ ಅನಿವಾರ್ಯವೇ ಆಯಿತು. ಹೊಳೆನರಸೀಪುರವು 1667ರಲ್ಲಿ ಮೈಸೂರಿನ ಪಾಲಾಯಿತೆಂದು ಗೆಜೆಟಿಯರು ನಮೂದಿಸುತ್ತದೆ. ಲಕ್ಷ್ಮಪ್ಪನಾಯಕನ ಮನೆತನದ ಕಥೆ ಅಲ್ಲಿಗೆ ಮುಗಿಯುತ್ತದೆ.

ಈ ನಡುವೆ ಹಾಸನ ಸೀಮೆಯು ಒಂದು ಸಾಮ್ರಾಜ್ಯದ ಕೊನೆಯುಸಿರನ್ನೂ ಕಂಡಿತು. ಬಿಜಾಪುರ, ಗೋಲ್ಕೊಂಡಗಳು ತಮ್ಮೊಳಗೆ ಒಪ್ಪಂದ ಮಾಡಿಕೊಂಡು ಕರ್ನಾಟಕ ಪ್ರಾಂತವನ್ನು ಹಂಚಿಕೊಂಡಾಗ, 1642ರಲ್ಲಿ ಪಟ್ಟಕ್ಕೆ ಬಂದಿದ್ದ ವಿಜಯನಗರದ ಮೂರನೆಯ ಶ್ರೀರಂಗರಾಯನು ನೆಲೆ ಕಳೆದುಕೊಂಡನು. ಆತನಿಗೆ ಆಶ್ರಯವಿತ್ತವನು ಕೆಳದಿಯ ಶಿವಪ್ಪನಾಯಕ. ಬೇಲೂರನ್ನು ರಾಯನಿಗೆ ಬಿಟ್ಟುಕೊಟ್ಟು, ಆತನಿಂದ ಬಿರುದುಗಳನ್ನು ಪಡೆದು, ಆತನ ಹೆಸರನ್ನೇ ಮುಂದಿಟ್ಟುಕೊಂಡು 1659ರ ಸುಮಾರಿಗೆ ಶಿವಪ್ಪನಾಯಕನು ಶ್ರೀರಂಗಪಟ್ಟಣದ ಮೇಲೆ ಏರಿಹೋದನು. ಮುತ್ತಿಗೆ ಫಲಿಸಲಿಲ್ಲ. ಮೈಸೂರಿನ ಇತಿವೃತ್ತಗಳು ಇದನ್ನು ಪೂರ್ಣ ವಿಜಯವೆಂದು ಕೊಂಡಾಡಿದರೆ, ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ವು ಹಿಮ್ಮೆಟ್ಟಿದುದಕ್ಕೆ ಬೇರೆಯ ಕಾರಣಗಳನ್ನು ಕೊಡುತ್ತದೆ. 1660ರಲ್ಲಿ ಶಿವಪ್ಪನಾಯಕನು ತೀರಿಕೊಂಡನು. ಬೇಲೂರಿನಿಂದ ಕೆಲವು ವರ್ಷ ದಾನಶಾಸನಗಳನ್ನು ಹೊರಡಿಸಿದ ಶ್ರೀರಂಗರಾಯನು ಬಳಿಕ ಅಲ್ಲಿಂದಲೂ ಕಾಣೆಯಾಗುತ್ತಾನೆ.

ರಾಜ್ಯವಿಲ್ಲದ ರಾಯನೊಬ್ಬ ಇಬ್ಬರು ಪ್ರಬಲರಿಗೆ ಏಕೆ ಬೇಕಾದನು? ರಾಯನು ಯಾರ ಬಳಿ ಇದ್ದನೋ ಅವರ ದಂಡಯಾತ್ರೆ ಆಕ್ರಮಣವೆನಿಸದೆ ಪುನಃಸ್ಥಾಪನೆ ಎನಿಸಿಕೊಳ್ಳುತ್ತಿತ್ತು. ಮೈಸೂರು ಈ ಮಾತಿಗೆ ತನ್ನದೇ ಉತ್ತರವನ್ನು ಕಂಡುಕೊಂಡಿತು. ಚಿಕ್ಕದೇವರಾಜ ಒಡೆಯರ ಕಾಲಕ್ಕೆ (1673–1704) ‘ಕರ್ನಾಟಕ ಚಕ್ರವರ್ತಿ’ ಎಂಬ ಬಿರುದು ಮೈಸೂರಿನಲ್ಲಿ ಬಳಕೆಗೆ ಬಂದಿತು. ಗೋವಿಂದವೈದ್ಯನ ‘ಕಂಠೀರವ ನರಸರಾಜ ವಿಜಯ’ವೂ ತಿರುಮಲಾರ್ಯನ ‘ಚಿಕದೇವರಾಜ ವಿಜಯ’ವೂ ಈ ಬೆಳವಣಿಗೆಯ ಸಾಹಿತ್ಯಿಕ ಮುಖಗಳು. ಇವುಗಳನ್ನು ಕೆಳದಿನೃಪವಿಜಯದ ಪಕ್ಕದಲ್ಲಿಟ್ಟು ಓದಿದರೆ ಒಂದೇ ಕೋಟೆ ಎರಡು ಕಡೆಯೂ ಗೆಲ್ಲಲ್ಪಟ್ಟಿರುವುದನ್ನು ಕಾಣಬಹುದು. ದುರದೃಷ್ಟವಶಾತ್ ಆಧುನಿಕ ಇತಿಹಾಸಕಾರರೂ ಈ ಪಕ್ಷಪಾತದಿಂದ ಪೂರ್ತಿಯಾಗಿ ಬಿಡಿಸಿಕೊಂಡಿಲ್ಲ. ವಿಲ್ಕ್ಸ್, ರೈಸ್, ಹಯವದನರಾವ್ ಅವರ ಗ್ರಂಥಗಳು ಮೈಸೂರಿನಲ್ಲಿ ನಿಂತು ನೋಡಿದವು. ಕೆಳದಿಯ ಬಗೆಗಿನ ಅಧ್ಯಯನಗಳು ಸಹಜವಾಗಿ ಇಕ್ಕೇರಿಯಲ್ಲಿ ನಿಂತು ನೋಡುತ್ತವೆ. ಹಾಸನದಲ್ಲಿ ನಿಂತು ನೋಡಿದವರು ವಿರಳ.

ನಿರ್ಣಾಯಕ ಹಂಚಿಕೆ ನಡೆದುದು 1690ರಿಂದ 1694ರ ನಡುವೆ. ಇದಕ್ಕೂ ಕಾರಣ ಹೊರಗಿನದೇ. 1687ರಲ್ಲಿ ಮೊಗಲರು ಬೆಂಗಳೂರನ್ನು ಹಿಡಿದು ಶಿರಾ ಪ್ರಾಂತವನ್ನು ಸ್ಥಾಪಿಸಿದರು. ಮೂರು ಲಕ್ಷ ರೂಪಾಯಿಗಳಿಗೆ ಬೆಂಗಳೂರು ಚಿಕ್ಕದೇವರಾಜರಿಗೆ ಮಾರಾಟವಾಯಿತು. ಮೈಸೂರು ಮೊಗಲರೊಡನೆ ಸಾಮರಸ್ಯವನ್ನು ಆರಿಸಿಕೊಂಡಿತು. ಕೆಳದಿಯ ರಾಣಿ ಚೆನ್ನಮ್ಮಾಜಿ ಬೇರೆಯ ದಾರಿ ಹಿಡಿದಳು. 1689ರಲ್ಲಿ ಜಿಂಜಿಯ ಕಡೆಗೆ ತಪ್ಪಿಸಿಕೊಂಡು ಹೋಗುತ್ತಿದ್ದ ಶಿವಾಜಿಯ ಮಗ ರಾಜಾರಾಮನಿಗೆ ಆಕೆ ಆಶ್ರಯವಿತ್ತು ದಾಟಿಸಿದಳು. ಔರಂಗಜೇಬನ ಸೈನ್ಯ ಕೆಳದಿಯ ಮೇಲೆ ಬಿದ್ದಿತು. ಚೆನ್ನಮ್ಮಾಜಿಯ ಈ ಸಾಹಸವನ್ನು ಕನ್ನಡಿಗರು ಹೆಮ್ಮೆಯಿಂದ ನೆನೆಯುತ್ತಾರೆ, ಅದು ಸರಿಯೇ. ಆದರೆ ಅದರ ಬೆಲೆಯನ್ನು ತೆತ್ತ ಪ್ರದೇಶಗಳಲ್ಲಿ ಹಾಸನ ಸೀಮೆಯೂ ಒಂದೆಂಬುದು ಹೆಚ್ಚಾಗಿ ಗಮನಕ್ಕೆ ಬಂದಿಲ್ಲ. ಕೆಳದಿಯ ಸೈನ್ಯ ಉತ್ತರದಲ್ಲಿ ಸಿಕ್ಕಿಕೊಂಡಿದ್ದ ಆ ವರ್ಷಗಳಲ್ಲಿಯೇ ಮೈಸೂರಿನ ದಳವಾಯಿಗಳು ಅರಕಲಗೂಡು, ಹಾಸನ, ಗ್ರಾಮ, ಬೇಲೂರು, ಸಕಲೇಶಪುರ, ಐಗೂರು, ವಸ್ತಾರೆಗಳ ಮೇಲೆ ಒಂದಾದ ಮೇಲೊಂದರಂತೆ ನಡೆದರು.

1694ರ ಒಪ್ಪಂದದಂತೆ ಬಾಳಂ ಸೀಮೆಯ ಮಲೆನಾಡಿನ ಆರು ನಾಡುಗಳು ಐಗೂರಿನ ಕೃಷ್ಣಪ್ಪನಾಯಕನಿಗೆ ಉಳಿದವು. ಹಾಸನ, ಅರಕಲಗೂಡುಗಳನ್ನೊಳಗೊಂಡ ಉಳಿದ ಭಾಗ ಮೈಸೂರಿನದಾಯಿತು. ಮೈಸೂರು ಆ ಆರು ನಾಡುಗಳನ್ನೂ ನುಂಗಲಿಲ್ಲವೇಕೆ ಎಂಬ ಪ್ರಶ್ನೆ ಏಳುತ್ತದೆ. ಕಾಡು ಮತ್ತು ಮಳೆ ಒಂದು ಕಾರಣ. ಅದಕ್ಕಿಂತ ಮುಖ್ಯವಾಗಿ, ಎರಡು ದೊಡ್ಡ ರಾಜ್ಯಗಳ ನಡುವೆ ಒಬ್ಬ ಸಣ್ಣ ನಾಯಕನಿರುವುದು ಇಬ್ಬರಿಗೂ ಅನುಕೂಲವಾಗಿತ್ತು. ಐಗೂರು ಸ್ವಂತ ಬಲದಿಂದ ಉಳಿದುದಲ್ಲ. ಎರಡು ಬಲಗಳ ನಡುವಿನ ಬಿರುಕಿನಲ್ಲಿ ಉಳಿದುದು. ಹದಿನೆಂಟನೆಯ ಶತಮಾನದ ಪೋಲೆಂಡ್ ಇಂಥ ಸ್ಥಿತಿಗೆ ಪ್ರಸಿದ್ಧ ನಿದರ್ಶನ. ರಷ್ಯಾ, ಪ್ರಷ್ಯಾ, ಆಸ್ಟ್ರಿಯಾಗಳು ಪರಸ್ಪರ ಅಂಜುವವರೆಗೆ ಅದು ಇದ್ದಿತು. ಮೂವರೂ ಒಪ್ಪಿದಾಗ 1772, 1793 ಮತ್ತು 1795ರಲ್ಲಿ ಮೂರು ಸಲ ಹಂಚಿಹೋಗಿ ಇಲ್ಲವಾಯಿತು.

ಈ ಹಂಚಿಕೆಯಲ್ಲಿ ಮೂರನೆಯ ಪಾಲುಗಾರನೂ ಒಬ್ಬನಿದ್ದನು. ಮೈಸೂರು ಬಾಳಂ ಸೀಮೆಗೆ ನುಗ್ಗಿದ ಸಮಯ ನೋಡಿ ಕೊಡಗಿನ ದೊಡ್ಡವೀರಪ್ಪನು ಏಳುಸಾವಿರ ಸೀಮೆಯನ್ನು ಹಿಡಿದನೆಂದು ಕೊಡಗಿನ ಇತಿವೃತ್ತಗಳು ಹೇಳುತ್ತವೆ. ಮಾತುಕತೆಯಾಗಿ ಸೀಮೆ ಕೊಡಗಿನಲ್ಲಿಯೇ ಉಳಿಯಿತು. ಅದರ ಹುಟ್ಟುವಳಿಯ ಅರ್ಧಭಾಗವನ್ನು ಮೈಸೂರಿಗೆ ಕೊಡಬೇಕೆಂದು ನಿಶ್ಚಯವಾಯಿತು. ಒಂದೇ ನೆಲಕ್ಕೆ ಇಬ್ಬರು ಒಡೆಯರೆಂಬ ಈ ಏರ್ಪಾಡು ಎರಡೂ ರಾಜ್ಯಗಳ ನಡುವೆ ಬಹುಕಾಲ ಜಗಳದ ಬೀಜವಾಗಿ ಉಳಿಯಿತು. ಭತ್ತದ ರಾಶಿಯನ್ನು ಅರ್ಧ ಮಾಡಬಹುದು. ಒಕ್ಕಲಿನ ನಿಷ್ಠೆಯನ್ನು ಅರ್ಧ ಮಾಡುವುದು ಹೇಗೆ?

1763ರಲ್ಲಿ ಹೈದರ್ ಅಲಿಯು ಬಿದನೂರನ್ನು ಗೆದ್ದಾಗ ಕೆಳದಿ ರಾಜ್ಯವೇ ಇಲ್ಲವಾಯಿತು. ನಕ್ಷೆಯ ದೃಷ್ಟಿಯಿಂದ ಹಾಸನ ಸೀಮೆ ಅಂದೇ ಒಳನಾಡಾಗಬೇಕಿತ್ತು. ಹಾಗಾಗಲಿಲ್ಲ, ಏಕೆಂದರೆ ಕೆಳದಿಯ ಬದಲು ಮರಾಠರು ಬಂದರು. 1771ರ ಮಾರ್ಚ್‌ನಲ್ಲಿ ಹೈದರನು ತ್ರ್ಯಂಬಕರಾಯನಿಂದ ಪೂರ್ಣವಾಗಿ ಸೋತ ಚಿನಕುರಳಿ, ಮೇಲುಕೋಟೆಯ ಪ್ರದೇಶವು ಚನ್ನರಾಯಪಟ್ಟಣಕ್ಕೆ ಬಹಳ ದೂರವಲ್ಲ. ದೊಡ್ಡಬಸವಯ್ಯನೆಂಬ ಸಣ್ಣ ನಾಯಕ ಕಟ್ಟಿಸಿದ್ದನೆನ್ನಲಾದ ಚನ್ನರಾಯಪಟ್ಟಣದ ಕೋಟೆಗೆ ಹೈದರನು ನೀರಿನ ಕಂದಕವನ್ನೂ ಹೊಸ ಬಾಗಿಲು ಕಟ್ಟಡಗಳನ್ನೂ ಸೇರಿಸಿದುದು ಮರಾಠರ ಭಯದಿಂದಲೇ. ಒಂದು ಶತಮಾನದ ಹಿಂದೆ ನಾಯಕರ ಕಲಹಕ್ಕೆಂದು ಎದ್ದ ಗೋಡೆಗಳು ಈಗ ಪುಣೆಯ ದಂಡನ್ನು ತಡೆಯಬೇಕಾಗಿ ಬಂದಿತು.

ಮೂರನೆಯ ಮೈಸೂರು ಯುದ್ಧದಲ್ಲಿ ಐಗೂರಿನ ನಾಯಕನಿಗೆ ಅವಕಾಶವೊಂದು ಒದಗಿದಂತೆ ಕಂಡಿತು. ಶ್ರೀರಂಗಪಟ್ಟಣದತ್ತ ಸಾಗುತ್ತಿದ್ದ ಪರಶುರಾಮ ಭಾವುವಿನ ಮರಾಠಾ ಸೈನ್ಯವನ್ನು ಆಗಿನ ಕೃಷ್ಣಪ್ಪನಾಯಕನು ಸೇರಿಕೊಂಡನು. ಆದರೆ 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪುವಿನ ರಾಜ್ಯದ ಅರ್ಧಭಾಗವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನೂ ಕಂಪನಿ, ನಿಜಾಮ, ಪೇಶ್ವೆಗಳು ಹಂಚಿಕೊಂಡಾಗ ಐಗೂರು ಟಿಪ್ಪುವಿನ ಅರ್ಧದಲ್ಲಿಯೇ ಉಳಿಯಿತು. ನಾಯಕನು ಅಂಜಿ ಕೊಡಗಿಗೆ ಓಡಿಹೋದನು. ಟಿಪ್ಪು ಆತನನ್ನು ಮರಳಿ ಕರೆಸಿ ಐಗೂರು ಸೀಮೆಯನ್ನಷ್ಟೇ ಕೊಟ್ಟು, ಉಳಿದ ನಾಡುಗಳನ್ನು ಸೇರಿಸಿಕೊಂಡನು. ಸಕಲೇಶಪುರದ ಬಳಿಯ ಮಂಜರಾಬಾದ್ ಕೋಟೆ ಪೂರ್ಣಗೊಂಡುದು ಇದೇ ವರ್ಷ. ಫ್ರೆಂಚ್ ಮಾದರಿಯ ಎಂಟು ಮೂಲೆಗಳ ಈ ನಕ್ಷತ್ರಾಕಾರದ ಕೋಟೆಯನ್ನು ಇಂದು ಪ್ರವಾಸಿಗರು ಅದರ ಆಕೃತಿಗಾಗಿ ನೋಡಲು ಹೋಗುತ್ತಾರೆ. ಮಂಗಳೂರಿನಿಂದ ಬರುವ ಘಟ್ಟದ ದಾರಿಯನ್ನೂ ಬಾಳಂ ನಾಡನ್ನೂ ಒಟ್ಟಿಗೆ ಕಾಯುವುದು ಅದರ ಉದ್ದೇಶವಾಗಿತ್ತು.

1799ರಲ್ಲಿ ಟಿಪ್ಪು ಮಡಿದಾಗ ವೆಂಕಟಾದ್ರಿ ನಾಯಕನು ಮತ್ತೆ ಸ್ವತಂತ್ರನಾಗಲೆತ್ನಿಸಿದನು. ಆದರೆ ಹಿಂದೆ ಐಗೂರನ್ನು ಉಳಿಸಿದ್ದ ಪರಿಸ್ಥಿತಿ ಆ ವೇಳೆಗೆ ಮಾಯವಾಗಿತ್ತು. ಮೊರೆಹೋಗಲು ಕೆಳದಿ ಇರಲಿಲ್ಲ; ಮರಾಠರು ದೂರವಾಗಿದ್ದರು; ಕೊಡಗಿನ ಅರಸನು ಇಂಗ್ಲಿಷರ ಮಿತ್ರನಾಗಿದ್ದನು; ಮೈಸೂರು ಅವರ ರಕ್ಷಣೆಯಲ್ಲಿತ್ತು. ಸುತ್ತಲೂ ಒಂದೇ ಶಕ್ತಿ. ಆದರೂ ಕಾಡಿನ ಬಲದಿಂದ ಆತನು ಎರಡೂವರೆ ವರ್ಷ ನಿಂತನು. 1802ರ ಜನವರಿಯಲ್ಲಿ ಆರ್ಥರ್ ವೆಲ್ಲೆಸ್ಲಿಯು ಅರಕೆರೆಯ ಕಾಡುಕೋಟೆಯನ್ನು ಭೇದಿಸಿದನು. ಫೆಬ್ರವರಿಯಲ್ಲಿ ನಾಯಕನು ಸೆರೆಸಿಕ್ಕಿದನು, ಆತನನ್ನು ಗಲ್ಲಿಗೇರಿಸಲಾಯಿತು. ದಿವಾನ್ ಪೂರ್ಣಯ್ಯನವರ ಆಡಳಿತ ಆ ನಾಡಿಗೆ ಕಾಲಿಟ್ಟಿತು. ಹದಿಮೂರು ವರ್ಷಗಳ ನಂತರ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಎದುರಿಸಿದ ವೆಲ್ಲೆಸ್ಲಿಯ ಚರಿತ್ರೆಕಾರರಿಗೆ ಬಾಳಂ ಒಂದು ಅಡಿಟಿಪ್ಪಣಿ. ಯರ ಕೃಷ್ಣಪ್ಪನಾಯಕನಿಂದ ಹಿಡಿದು ಸುಮಾರು 280 ವರ್ಷ ನಡೆದುಬಂದ ಒಂದು ಮನೆತನದ ಆಳ್ವಿಕೆ ಅಲ್ಲಿ ಮುಗಿದಿತ್ತು.

ಇದರಿಂದಲೂ ಗಡಿ ಅಳಿಯಲಿಲ್ಲ. 1799ರ ಏರ್ಪಾಡಿನಲ್ಲಿ ಕೆನರಾ ಕಂಪನಿಯ ಪಾಲಾಗಿ, ಘಟ್ಟದ ಮೇಲಿನ ನಾಡು ಮೈಸೂರು ಸಂಸ್ಥಾನಕ್ಕೆ ಉಳಿದುದರಿಂದ, ಸಹ್ಯಾದ್ರಿಯ ನೆತ್ತಿಯೇ ಎಲ್ಲೆಯಾಯಿತು. 1834ರಲ್ಲಿ ಕೊಡಗು ಬ್ರಿಟಿಷರ ವಶವಾದ ಮೇಲೆ ಅರಕಲಗೂಡಿನ ಪಶ್ಚಿಮದಲ್ಲಿಯೂ ಬ್ರಿಟಿಷ್ ಸೀಮೆ ಆರಂಭವಾಯಿತು. ಸ್ವಾತಂತ್ರ್ಯಾನಂತರವೂ ಹಾಸನ ಜಿಲ್ಲೆಯು ಮದ್ರಾಸ್ ಮತ್ತು ಕೊಡಗು ರಾಜ್ಯಗಳ ಎಲ್ಲೆಯನ್ನು ಮುಟ್ಟುತ್ತಿತ್ತು. ಏಕೀಕರಣದ ಚರ್ಚೆಯಲ್ಲಿ ಕನ್ನಡಿಗರಿಗೆ ಎರಡು ರಾಜ್ಯಗಳಿರಲಿ ಎಂಬ ವಾದವೂ ಹಳೆಯ ಮೈಸೂರಿನಲ್ಲಿ ಕೇಳಿಬಂದಿತು. ರಾಜ್ಯ ಪುನರ್ವಿಂಗಡಣಾ ಆಯೋಗವು 1955ರ ತನ್ನ ವರದಿಯಲ್ಲಿ ಅದನ್ನು ಒಪ್ಪಲಿಲ್ಲ. ಆ ವಾದ ಗೆದ್ದಿದ್ದರೆ 1799ರ ಘಟ್ಟದ ಗೆರೆಯ ಬಹುಭಾಗ ರಾಜ್ಯಗಡಿಯಾಗಿಯೇ ಮುಂದುವರಿಯುವ ಸಂಭವವಿತ್ತು. ಏಳುಸಾವಿರ ಸೀಮೆಯು ಮಾತ್ರ ದೊಡ್ಡವೀರಪ್ಪನ ಕಾಲದ ಹಂಚಿಕೆಯಂತೆ ಇಂದಿಗೂ ಕೊಡಗು ಜಿಲ್ಲೆಯಲ್ಲಿದೆ. ಅದರ ಮಗ್ಗುಲಿನ ಅರಕಲಗೂಡು ಹಾಸನ ಜಿಲ್ಲೆಯಲ್ಲಿದೆ.